‘ಅವನನ್ನು ಹೊರಗೆ ಹಾಕಬಾರದಾ?’

ಪ್ರಶ್ನೆ: ನಾನು ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ಮನೆಯೊಳಗೇ ನಡೆಯುವ ಥ್ರಿಲ್ಲರ್. ಮದುವೆಯಾಗಿ ಆರು ವರ್ಷವಾದ ಗಂಡ ಹೆಂಡತಿ. ಗಂಡನ ಹಳೆಯ ಗೆಳೆಯನೊಬ್ಬ ‘ಹತ್ತು ದಿನ ಇದ್ದು ಹೋಗ್ತೀನಿ’ ಅಂತ ಬರುತ್ತಾನೆ. ಹತ್ತು ದಿನ ಎರಡು ತಿಂಗಳಾಗುತ್ತದೆ. ಕಥೆ ಹೇಳುವವಳು ಹೆಂಡತಿ. ಅವಳ ಸಾಮಾನುಗಳು ಇದ್ದಲ್ಲಿ ಇರುವುದಿಲ್ಲ. ಹೇಳಿದರೆ ಗಂಡ ನಂಬುವುದಿಲ್ಲ. 140 ಪುಟ ಆಗಿದೆ. ಮೂವರಿಗೆ ಓದಲು ಕೊಟ್ಟೆ. ಮೂವರೂ ಕೇಳಿದ್ದು ಒಂದೇ: ‘ಅವನನ್ನು ಹೊರಗೆ ಹಾಕಬಾರದಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ 110ನೇ ಪುಟದಲ್ಲಿ ಒಂದು ಕೊಲೆ ಸೇರಿಸಿದೆ. ಈಗ ಇನ್ನೂ ಕೆಟ್ಟಿದೆ ಅನ್ನಿಸುತ್ತಿದೆ. ಅವನು ಮಾನಸಿಕ ರೋಗಿ ಅಂತ ಕೊನೆಗೆ ತೋರಿಸಿದರೆ ಸರಿಹೋಗುತ್ತಾ? ಇಲ್ಲ, ದೊಡ್ಡ ಟ್ವಿಸ್ಟ್ ಬೇಕೇ ಬೇಕಾ? ಮೊದಲ 40 ಪುಟ ಕಳಿಸಿದ್ದೇನೆ.

ಉತ್ತರ: ನಿಮ್ಮ 40 ಪುಟ ಎರಡು ಸಲ ಓದಿದೆ. ಮೊದಲು ಒಂದು ಮಾತು. ಆ ಮೂವರು ಓದುಗರನ್ನು ಕಳೆದುಕೊಳ್ಳಬೇಡಿ. ಇಷ್ಟು ನೇರವಾಗಿ ಕೇಳುವವರು ಸಿಗುವುದು ಕಷ್ಟ.

ಹಸ್ತಪ್ರತಿ ಓದಿ ತಿದ್ದುವುದು ನನ್ನ ಕೆಲಸ. ಬಂದ ಅತಿಥಿ ಜಾಗ ಬಿಡದ ಕಥೆ ನನ್ನ ಮೇಜಿಗೆ ಎಷ್ಟೋ ಸಲ ಬಂದಿದೆ. ಹೆಚ್ಚಿನವು ಕುಸಿಯುವುದು ಒಂದೇ ಜಾಗದಲ್ಲಿ. ಅತಿಥಿ ಒಳ್ಳೆಯವನಾಗಿ ಇರುವಷ್ಟು ದಿನ ಓದುಗರು ಏನೂ ಕೇಳುವುದಿಲ್ಲ. ಅವನು ಮೊದಲ ಸಲ ಎಲ್ಲೆ ಮೀರಿದ ಪುಟದಲ್ಲೇ ಆ ಪ್ರಶ್ನೆ ಎದ್ದು ಕೂರುತ್ತದೆ. ನಿಮ್ಮಲ್ಲಿ ಅದು 22ನೇ ಪುಟ. ಹೇಳದೆ ಕೇಳದೆ ಅವನು ಅವಳ ಕಪಾಟು ತೆಗೆಯುತ್ತಾನೆ. ಅಲ್ಲಿಂದ ಮುಂದೆ ನೀವು ಎಷ್ಟು ಚೆನ್ನಾಗಿ ಬರೆದರೂ ಓದುಗರ ಅರ್ಧ ಮನಸ್ಸು ಬಾಗಿಲ ಹತ್ತಿರವೇ ನಿಂತಿರುತ್ತದೆ.

ನೀವು ಕೇಳಿರುವುದು ಕೊಲೆ, ರೋಗ, ಟ್ವಿಸ್ಟ್ ಅಂತ ಮೂರು ವಿಷಯ. ಆದರೆ ತಲೆಬಿಸಿ ಒಂದೇ. ಅವನು ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ನೀವು ಕಾರಣ ಬರೆದಿದ್ದೀರಿ: ಅವನಿಗೆ ಹೋಗಲು ಬೇರೆ ಜಾಗ ಇಲ್ಲ, ಈ ಮನೆಯ ಮೇಲೆ ಕಣ್ಣಿದೆ. ಇವರು ಯಾಕೆ ಕಳಿಸುವುದಿಲ್ಲ ಅನ್ನುವುದಕ್ಕೆ ಒಂದು ಸಾಲೂ ಬರೆದಿಲ್ಲ. ಮೂವರು ಓದುಗರು ಕೇಳಿದ್ದು ಈ ಎರಡನೆಯದನ್ನು. ಅದಕ್ಕೆ ಉತ್ತರವನ್ನು ಅತಿಥಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಗಂಡ ಹೆಂಡತಿಯಲ್ಲಿ ಹುಡುಕಬೇಕು.

ಕೊಲೆಯ ಮಾತು ಬೇಗ ಮುಗಿಸುತ್ತೇನೆ: ತೆಗೆದುಬಿಡಿ. ಥ್ರಿಲ್ಲರ್ ಅಂದಮೇಲೆ ಹೆಣ ಬೀಳಲೇಬೇಕು ಅನ್ನುವುದು ತಪ್ಪು ನಂಬಿಕೆ. ಹೆಣ ಬಿದ್ದರೆ ಪೊಲೀಸರು ಬರುತ್ತಾರೆ, ಅಕ್ಕಪಕ್ಕದವರು ಬರುತ್ತಾರೆ, ಮುಚ್ಚಿದ ಮನೆ ಬಯಲಾಗುತ್ತದೆ. ‘ಇವನನ್ನು ಹೇಗೆ ಕಳಿಸುವುದು’ ಅಂತ 110 ಪುಟ ಕೂಡಿಸಿದ ಬಿಗುವು ಒಂದೇ ರಾತ್ರಿಯಲ್ಲಿ ‘ಕೊಂದವರು ಯಾರು’ ಅಂತ ಬದಲಾಗುತ್ತದೆ. ಅದು ಬೇರೆಯೇ ಪುಸ್ತಕ.

ರೋಗದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಅಪಾಯ ಮಾಡುವವರಲ್ಲ. ಬೇರೆಯವರ ಹಿಂಸೆಗೆ ಅವರೇ ಗುರಿಯಾಗುವುದು ಜಾಸ್ತಿ. ಕೊನೆಯ ಅಧ್ಯಾಯದಲ್ಲಿ ಒಬ್ಬ ಡಾಕ್ಟರು ಬಂದು ಕಾಯಿಲೆಯ ಹೆಸರು ಹೇಳುವ ಹಸ್ತಪ್ರತಿಗಳನ್ನು ನಾನು ತುಂಬಾ ನೋಡಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ. ಕಾಯಿಲೆ ಇರುವವರಿಗೆ ಅನ್ಯಾಯ ಆಗುವುದು ಒಂದು. ಕಥೆಗೂ ನಷ್ಟ. ಅವನು ಮಾಡಿದ್ದಕ್ಕೆಲ್ಲ ಹುಚ್ಚೇ ಕಾರಣ ಅಂದುಬಿಟ್ಟರೆ ಆ ಗಂಡ ಹೆಂಡತಿ ಏನನ್ನೂ ನೆನಪಿಸಿಕೊಂಡು ನಾಚಬೇಕಾಗಿಲ್ಲ, ಹೆದರಬೇಕಾಗಿಲ್ಲ. ಓದುಗರೂ ಪುಸ್ತಕ ಮುಚ್ಚಿಟ್ಟು ಆರಾಮಾಗಿ ಮಲಗುತ್ತಾರೆ.

ಈಗ ಮುಖ್ಯ ವಿಷಯ. ಒಬ್ಬ ಮನುಷ್ಯನನ್ನು ಮನೆಯಿಂದ ಕಳಿಸುವುದು ಯಾಕೆ ಅಷ್ಟು ಕಷ್ಟ?

‘ಅತಿಥಿ’ ಅನ್ನುವ ಪದವನ್ನೇ ನೋಡಿ. ತಿಥಿ ಇಲ್ಲದವನು, ಅಂದರೆ ಯಾವ ದಿನ ಬರುತ್ತಾನೆ ಅಂತ ಗೊತ್ತಿಲ್ಲದವನು ಎಂದು ಹಳಬರು ಅರ್ಥ ಬಿಡಿಸುತ್ತಾರೆ. ಮನುಸ್ಮೃತಿಯ 3ನೇ ಅಧ್ಯಾಯದಲ್ಲಿ ಇನ್ನೊಂದು ವಿವರಣೆ ಇದೆ. ಒಂದು ರಾತ್ರಿ ತಂಗುವವನು ಅತಿಥಿ. ನಿತ್ಯ ಇರುವವನಲ್ಲ, ಅದಕ್ಕೇ ಆ ಹೆಸರು. ಒಂದು ಅರ್ಥ ಬರುವುದರ ಬಗ್ಗೆ, ಇನ್ನೊಂದು ಹೋಗುವುದರ ಬಗ್ಗೆ. ಹಾಗಾದರೆ ಬಂದವನು ನಲವತ್ತನೇ ದಿನಕ್ಕೆ ಯಾರು? ನೆಂಟ ಅಲ್ಲ, ಬಾಡಿಗೆಯವನಲ್ಲ, ಮನೆಯವನೂ ಅಲ್ಲ. ಅವನನ್ನು ಏನಂತ ಕರೆಯಬೇಕು ಅಂತಲೇ ತಿಳಿಯದಿದ್ದಾಗ ‘ಹೋಗು’ ಅನ್ನುವ ಹಕ್ಕು ನಮಗಿದೆಯಾ ಅಂತಲೂ ಅನುಮಾನ ಶುರುವಾಗುತ್ತದೆ.

ನಿಮ್ಮ ಹಸ್ತಪ್ರತಿಯಲ್ಲಿ ಇದನ್ನು ತೋರಿಸಲು ಒಂದು ಸುಲಭದ ದಾರಿ ಇದೆ, ನೀವು ಬಳಸಿಲ್ಲ. 40 ಪುಟದುದ್ದಕ್ಕೂ ಹೆಂಡತಿ ಅವನನ್ನು ‘ಅವರು’ ಎಂದೇ ಕರೆಯುತ್ತಾಳೆ. ಅವನೂ ಅವಳಿಗೆ ‘ನೀವು’ ಅನ್ನುತ್ತಾನೆ. ನಮ್ಮ ಭಾಷೆ ಕೊಟ್ಟಿರುವ ಈ ಮೆಟ್ಟಿಲನ್ನು ಯಾಕೆ ಬಿಡುತ್ತೀರಿ? ಅವಳು ಬಾಯಲ್ಲಿ ‘ಅವರು’ ಅನ್ನುತ್ತಾ ಮನಸ್ಸಿನಲ್ಲಿ ‘ಅವನು’ ಅನ್ನಲು ಶುರು ಮಾಡಿದ ದಿನ ಯಾವುದು? ಅವನು ‘ನೀವು’ ಬಿಟ್ಟು ‘ನೀನು’ ಅಂದ ದಿನ ಗಂಡ ಪಕ್ಕದಲ್ಲಿದ್ದನಾ? ಇದ್ದರೆ, ತಲೆ ಎತ್ತಿ ನೋಡಿದನಾ? ಇದನ್ನು ಎರಡೇ ಸಾಲಿನಲ್ಲಿ ಬರೆಯಬಹುದು. ಕಪಾಟು ತೆಗೆದ ದೃಶ್ಯಕ್ಕಿಂತ ಮೈ ಜುಮ್ ಅನ್ನಿಸುತ್ತದೆ.

ಎರಡನೆಯ ಕಾರಣ, ಯಾರೂ ಒಂದೇ ಸಲಕ್ಕೆ ಮನೆ ಬಿಟ್ಟುಕೊಡುವುದಿಲ್ಲ. ಬೆರಳು ಕೊಟ್ಟರೆ ಹಸ್ತ ನುಂಗಿದ ಅನ್ನುತ್ತೇವಲ್ಲ, ಅದರ ಮೇಲೆ ಒಂದು ಪ್ರಯೋಗವೇ ನಡೆದಿದೆ. 1966ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಇದನ್ನು ಪ್ರಕಟಿಸಿದರು. ಗೃಹಿಣಿಯರಿಗೆ ಫೋನ್ ಮಾಡಿ ಒಂದು ದೊಡ್ಡ ಬೇಡಿಕೆ ಇಟ್ಟರು: ಐದಾರು ಗಂಡಸರು ನಿಮ್ಮ ಮನೆಗೆ ಬಂದು, ಎರಡು ಗಂಟೆ ಕಾಲ, ಕಪಾಟು ಗಿಪಾಟು ಎಲ್ಲ ತೆರೆದು, ಮನೆಯಲ್ಲಿ ಏನೇನು ಸಾಮಾನು ಬಳಸುತ್ತೀರಿ ಅಂತ ಪಟ್ಟಿ ಮಾಡಿಕೊಳ್ಳುತ್ತಾರೆ, ಆಗಬಹುದಾ? ನೇರವಾಗಿ ಕೇಳಿದಾಗ ಒಪ್ಪಿದವರು ಶೇ 22ರಷ್ಟು. ಇನ್ನೊಂದು ಗುಂಪಿಗೆ ಮೂರು ದಿನ ಮೊದಲೇ ಫೋನ್ ಮಾಡಿ, ಯಾವ ಸೋಪು ಬಳಸುತ್ತೀರಿ ಅನ್ನುವಂಥ ಸಣ್ಣ ಪ್ರಶ್ನೆಗಳನ್ನಷ್ಟೇ ಕೇಳಿ ಉತ್ತರ ಪಡೆದಿದ್ದರು. ಆ ಗುಂಪಿನಲ್ಲಿ ಒಪ್ಪಿದವರು ಶೇ 53ರ ಹತ್ತಿರ.

ಸೋಪಿನ ಪ್ರಶ್ನೆಗೂ ಐದಾರು ಗಂಡಸರಿಗೂ ಏನು ಸಂಬಂಧ? ಒಂದು ಸಲ ‘ಆಯ್ತು’ ಅಂದವರು ತಮ್ಮನ್ನು ತಾವೇ ‘ಆಯ್ತು ಅನ್ನುವವರು’ ಅಂತ ನೋಡಲು ಶುರು ಮಾಡುತ್ತಾರೆ ಅನ್ನುವುದು ಆ ಇಬ್ಬರ ವಿವರಣೆ. ನಿಮ್ಮ ಅತಿಥಿ ಮೂರನೇ ದಿನಕ್ಕೇ ಅವಳ ಕಪಾಟಿಗೆ ಕೈ ಹಾಕುತ್ತಾನೆ. ಸೋಪಿನ ಪ್ರಶ್ನೆಯನ್ನೇ ಕೇಳಿಲ್ಲ ಅವನು.

ಮೊದಲು ಟವೆಲ್ ಬರಲಿ. ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದ ಟವೆಲ್ ಒಂದು ದಿನ ಬಚ್ಚಲಮನೆಯ ಮೊಳೆಗೆ ಬರುತ್ತದೆ. ಆಮೇಲೆ ಫೋನಿನ ಚಾರ್ಜರ್ ಹಾಲ್‌ನಲ್ಲಿ ಖಾಯಂ ಆಗುತ್ತದೆ. ಆಮೇಲೆ ಒಂದು ರಾತ್ರಿ ತಡವಾಗಿ ಬಂದು ಬೆಲ್ ಮಾಡುತ್ತಾನೆ. ಬಾಗಿಲು ತೆಗೆದವಳ ಕಣ್ಣಲ್ಲಿ ನಿದ್ದೆ. ‘ಛೆ, ನಿಮ್ಮನ್ನ ಎಬ್ಬಿಸಿಬಿಟ್ಟೆ. ಇನ್ನೊಂದು ಕೀ ಇದ್ಯಾ? ನೀವು ಏಳೋದೇ ಬೇಡ.’ ಕೇಳಿದ್ದು ಮನೆಯ ಕೀ, ಆದರೆ ಅದು ಅವಳ ಮೇಲಿನ ಕಾಳಜಿಯ ಹಾಗೆ ಕೇಳುತ್ತದೆ. ಕೊಡದಿದ್ದರೆ ಅವಳೇ ಕೆಟ್ಟವಳು. ಕೀ ಕೊಟ್ಟಮೇಲೆ ಕಪಾಟು ದೂರ ಇಲ್ಲ. ಆಗ ಓದುಗರೂ ಒಳಗೊಳಗೇ ಲೆಕ್ಕ ಹಾಕುತ್ತಾರೆ: ಟವೆಲ್‌ಗೆ ನಾನೂ ಸುಮ್ನೆ ಇರ್ತಿದ್ದೆ, ಚಾರ್ಜರ್‌ಗೂ ಇರ್ತಿದ್ದೆ, ಕೀ ಕೂಡ ಕೊಡ್ತಿದ್ದೆನೇನೋ. ಅಷ್ಟಾದರೆ ಹೊರಗೆ ಹಾಕಬಾರದಾ ಅಂತ ಕೇಳುವ ಬಾಯಿ ಅವರಿಗೂ ಇರುವುದಿಲ್ಲ.

ಇನ್ನು ಆ ಸಾಮಾನುಗಳ ವಿಷಯ. ಕನ್ನಡಕ ಮಂಚದ ಕೆಳಗೆ ಹೋಗುತ್ತದೆ, ಫೋಟೊ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಅವಳಿಗೆ ತನ್ನ ತಲೆಯ ಮೇಲೇ ಅನುಮಾನ ಬರಲಿ ಅಂತ ಅವನು ಇದನ್ನೆಲ್ಲ ಮಾಡುತ್ತಾನೆ. ಇದಕ್ಕೆ ‘ಗ್ಯಾಸ್‌ಲೈಟಿಂಗ್’ ಅನ್ನುವ ಹೆಸರು ಎಲ್ಲರ ಬಾಯಲ್ಲೂ ಇದೆ, ನಿಮ್ಮ ಟಿಪ್ಪಣಿಯಲ್ಲೂ ಇದೆ. ಹೆಸರು ಹುಟ್ಟಿದ ಕಡೆಗೇ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. 1938ರಲ್ಲಿ ಬ್ರಿಟನ್ನಿನ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕ ಅದು. ಗಂಡ ಸಾಮಾನು ಬಚ್ಚಿಟ್ಟು ಹೆಂಡತಿಗೆ ಹುಚ್ಚು ಅಂತ ನಂಬಿಸುತ್ತಾನೆ. ಮನೆಯ ಗ್ಯಾಸ್ ದೀಪವೂ ಆಗಾಗ ಮಂಕಾಗುತ್ತದೆ. ಆದರೆ ಅದು ಅವಳನ್ನು ಹೆದರಿಸಲು ಮಾಡಿದ ಉಪಾಯ ಅಲ್ಲ. ಅವನು ಗುಟ್ಟಾಗಿ ಮೇಲಿನ ಮಹಡಿಗೆ ಹೋಗಿ ಒಡವೆ ಹುಡುಕುತ್ತಿರುತ್ತಾನೆ. ಅಲ್ಲಿ ದೀಪ ಹಚ್ಚಿದಾಗ ಕೆಳಗಿನ ದೀಪಕ್ಕೆ ಗ್ಯಾಸ್ ಕಡಿಮೆಯಾಗುತ್ತದೆ. ದೀಪ ಮಂಕಾಗುವುದು ಅವನ ಕಳ್ಳತನದ ಗುರುತು. ಕೊನೆಗೆ ಅವನನ್ನು ಹಿಡಿದುಕೊಡುವುದೂ ಅದೇ.

ಇದು ನಿಮಗೆ ತುಂಬಾ ಉಪಯೋಗಕ್ಕೆ ಬರುವ ಸಂಗತಿ. ಅತಿಥಿ ಸುಮ್ನೆ ಹೆದರಿಸಲು ಸಾಮಾನು ಸರಿಸಿದರೆ ಅದು ಲೇಖಕರು ಸರಿಸಿದ ಹಾಗೆ ಕಾಣುತ್ತದೆ. ಅವನು ಆ ಮನೆಯಲ್ಲಿ ಏನೋ ಒಂದು ಕೆಲಸ ಮಾಡುತ್ತಿರಬೇಕು. ಏನನ್ನೋ ಹುಡುಕಬಹುದು, ಬಚ್ಚಿಡಬಹುದು, ಇಲ್ಲವೇ ಅಲ್ಲಿ ನೆಲೆ ನಿಲ್ಲುತ್ತಿರಬಹುದು. ಸಾಮಾನು ಜರುಗುವುದು ಆ ಕೆಲಸದ ಸುಳಿವಾಗಬೇಕು.

ನಿಮ್ಮ 31ನೇ ಪುಟದ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ರಾತ್ರಿ ಉಪ್ಪಿನ ಡಬ್ಬಿ ಕಾಣೆಯಾಗುತ್ತದೆ, ಬೆಳಿಗ್ಗೆ ಅವಳ ಹಾಸಿಗೆಯ ಪಕ್ಕ ಸಿಗುತ್ತದೆ. ನಿಜ ಹೇಳಬೇಕಂದರೆ ನನಗೆ ಹೆದರಿಕೆ ಆಗಲಿಲ್ಲ. ಹೀಗೆ ಮಾಡಿ ನೋಡಿ. ಅವಳು ಒಲೆಯ ಮೇಲಿಂದ ಕಣ್ಣು ತೆಗೆಯದೆ ಎಡಗೈ ಚಾಚುತ್ತಾಳೆ. ಆರು ವರ್ಷದಿಂದ ಆ ಕೈಗೆ ದಾರಿ ಗೊತ್ತು. ಬೆರಳಿಗೆ ಬರೀ ಹಲಗೆ ಸಿಗುತ್ತದೆ. ಹಲಗೆಯ ಮೇಲೆ ಡಬ್ಬಿ ಕೂತಿದ್ದ ಜಾಗ ಬಟ್ಟೆಯಲ್ಲಿ ಒರೆಸಿ ಸ್ವಚ್ಛವಾಗಿದೆ, ಇನ್ನೂ ತೇವ ಇದೆ. ಹಿಂದಿನಿಂದ ಅವನ ದನಿ: ‘ಒಲೆ ಪಕ್ಕ ಇಟ್ಟಿದ್ದೀನಿ ನೋಡಿ. ಪಾಪ, ದಿನಾ ಅಷ್ಟು ದೂರ ಕೈ ಚಾಚ್ತೀರಿ.’ ಗಂಡ ಪೇಪರಿನಿಂದ ಮುಖ ತೆಗೆದು, ‘ಹೌದಲ್ವಾ, ಇಷ್ಟು ದಿನ ನಮಗೆ ಹೊಳೆಯಲೇ ಇಲ್ಲ’ ಅನ್ನುತ್ತಾನೆ. ಅವಳು ಈಗ ಏನಂತ ಜಗಳ ಮಾಡಬೇಕು? ಡಬ್ಬಿ ಕಳೆದಿಲ್ಲ. ಅವನು ಉಪಕಾರವೇ ಮಾಡಿದ್ದಾನೆ. ಅವಳು ದಿನಾ ಕೈ ಚಾಚುವುದನ್ನು ಹಿಂದೆ ನಿಂತು ನೋಡುತ್ತಿದ್ದ ಅನ್ನುವುದೊಂದೇ ಹೊಸ ಸುದ್ದಿ. ಅದನ್ನು ಅವಳು ಯಾರಿಗೆ ಹೇಳಿದರೂ ದೂರಿನ ಹಾಗೆ ಕೇಳುವುದಿಲ್ಲ.

ಮೂರನೆಯ ಕಾರಣಕ್ಕೇ ನೀವು ಹೆಚ್ಚು ಹೊತ್ತು ಕೊಡಬೇಕು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವರು ಯಾರು? ಯಾಕೆ ಕರೆದರು? ಇಲ್ಲಿ ನಿಮ್ಮ ಮುಂದೆ ಮೂರು ದಾರಿ ಇದೆ ಅಂತ ನನಗೆ ಕಾಣುತ್ತದೆ.

ಗಂಡನ ಗುಟ್ಟು ಅತಿಥಿಗೆ ಗೊತ್ತಿದೆ ಅನ್ನುವುದು ಒಂದು. ಹಳೆಯ ಸಾಲ, ಹಳೆಯ ಅಪಘಾತ, ತನ್ನ ತಪ್ಪಿಗೆ ಗೆಳೆಯ ಹೊತ್ತ ಅಪವಾದ, ಏನಾದರೂ ಆಗಬಹುದು. ನಿಮ್ಮ ಈಗಿನ ಕಥೆಗೆ ತೀರಾ ಹತ್ತಿರದ್ದು ಇದೇ, ತಿದ್ದುವ ಕೆಲಸ ಕಡಿಮೆ. ಅಪಾಯವೂ ಇದೆ. ಕಥೆಯ ಎಂಜಿನ್ ಗಂಡನ ಹತ್ತಿರ, ಕಥೆ ಹೇಳುವವಳು ಹೆಂಡತಿ. ಅವಳು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುವುದು, ಗಂಡನ ಫೋನ್ ಕದ್ದು ನೋಡುವುದು, ಇಷ್ಟರಲ್ಲೇ ಪುಟ ಸಾಗುತ್ತದೆ. ನಿಮ್ಮ 28ರಿಂದ 36ನೇ ಪುಟದವರೆಗೆ ಇದೇ ಆಗಿದೆ.

ಗುಟ್ಟು ಹೆಂಡತಿಯದೇ ಆಗಿರಲಿ ಅನ್ನುವುದು ಇನ್ನೊಂದು. ಬಂದವನು ಗಂಡನ ಗೆಳೆಯನೇ, ಆದರೆ ಅವಳ ಬಗ್ಗೆ ಅವನಿಗೆ ಏನೋ ತಿಳಿದಿದೆ. ಆಗ ‘ಹೋಗು’ ಅನ್ನುವ ಮಾತು ಅವಳ ಬಾಯಲ್ಲೇ ಬಿಸಿ ತುಪ್ಪ ಆಗುತ್ತದೆ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಕಥೆ ತಕ್ಷಣ ಬಿಗಿಯಾಗುತ್ತದೆ. ಆದರೆ ‘ನಾನು’ ಅಂತ ಕಥೆ ಹೇಳುವವಳು ಓದುಗರಿಂದಲೂ ಅದನ್ನು ಮುಚ್ಚಿಟ್ಟರೆ, ಕೊನೆಗೆ ತಿಳಿದಾಗ ಓದುಗರಿಗೆ ಮೋಸ ಹೋದ ಸಿಟ್ಟು ಬರುತ್ತದೆ. ಈ ದಾರಿ ಹಿಡಿದರೆ ಅವಳು ಸುಳ್ಳು ಹೇಳಬಾರದು. ಆ ನೆನಪಿನ ಹತ್ತಿರ ಬಂದಾಗಲೆಲ್ಲ ಮಾತು ತಿರುಗಿಸಬೇಕು, ಅವಳು ತಿರುಗಿಸುತ್ತಿದ್ದಾಳೆ ಅನ್ನುವುದು ಎರಡನೇ ಓದಿಗೆ ಕಾಣಬೇಕು. ಮೊದಲ ಕಾದಂಬರಿಗೆ ಇದು ಕಷ್ಟದ ಕೆಲಸ. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಗುಟ್ಟೇ ಇಲ್ಲ. ಆ ಮನೆಗೆ ಅವನ ಅಗತ್ಯ ಇದೆ. ನಿಮ್ಮ 9ನೇ ಪುಟದಲ್ಲಿ ಗಂಡ ಹೆಂಡತಿ ಊಟದ ಮೇಜಿನಲ್ಲಿ ಕೂತು ಇಬ್ಬರೂ ಫೋನ್ ನೋಡುತ್ತಾರೆ, ಹದಿನೈದು ನಿಮಿಷ ಮಾತಿಲ್ಲ. 14ನೇ ಪುಟದಲ್ಲಿ ಅತಿಥಿ ಬಂದ ಮೊದಲ ರಾತ್ರಿ ಮೂವರೂ ಒಂದು ಗಂಟೆಯವರೆಗೆ ನಗುತ್ತಾ ಕೂರುತ್ತಾರೆ. ಇದನ್ನು ನೀವು ಬೇಕೆಂದೇ ಬರೆದಿರೋ ಇಲ್ಲವೋ ಗೊತ್ತಿಲ್ಲ. ನನಗಂತೂ ನಿಮ್ಮ ಇಡೀ ಕಾದಂಬರಿ ಅಲ್ಲೇ ಕಂಡಿತು. ಅವನಿದ್ದರೆ ಆ ಇಬ್ಬರ ನಡುವೆ ಮಾತು ಇರುತ್ತದೆ. ಅವನು ಹೋದರೆ ಮತ್ತೆ ಅದೇ ಮೇಜು, ಅದೇ ಇಬ್ಬರು. ಗಂಡ ಅವನನ್ನು ಕಳಿಸದಿರಲು ಇದು ಸಾಕು. ಅವಳು ಮೊದಲ ತಿಂಗಳು ಬಾಯಿ ಬಿಡದಿರಲೂ ಸಾಕು. ಇಲ್ಲಿಯ ಅಪಾಯ ಅಂದರೆ ನಿಧಾನ. ದೊಡ್ಡ ಘಟನೆ ಇಲ್ಲದೆ ಪುಟ ತಿರುಗಿಸಬೇಕು, ಓದುಗರಿಗೆ ಅತಿಥಿಯ ಮೇಲೆಯೇ ಪ್ರೀತಿ ಬಂದುಬಿಡಬಹುದು. ಬಂದರೂ ಬರಲಿ ಬಿಡಿ. ಅವರಿಗೆ ಇಷ್ಟವಾದವನೇ ಕೀ ಕೇಳಿದಾಗ ಭಯ ಹೆಚ್ಚು.

ಟ್ವಿಸ್ಟ್ ಬೇಕಾ ಅಂತ ಕೇಳಿದ್ದಿರಿ. ಬಾಂಬಿನ ಬಗ್ಗೆ ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ಈ ಲೆಕ್ಕಕ್ಕೆ ಇನ್ನೂ ಸರಿಹೋಗುತ್ತದೆ. 1962ರಲ್ಲಿ ಫ್ರೆಂಚ್ ನಿರ್ದೇಶಕ ಟ್ರೂಫೊ ಜೊತೆ ನಡೆದ ದೀರ್ಘ ಮಾತುಕತೆಯಲ್ಲಿ ಬರುತ್ತದೆ ಅದು. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ತಿಳಿಸದೆ ಸಿಡಿಸಿದರೆ 15 ಸೆಕೆಂಡಿನ ಆಶ್ಚರ್ಯ, ಮೊದಲೇ ತಿಳಿಸಿದರೆ 15 ನಿಮಿಷದ ಸಸ್ಪೆನ್ಸ್. ಹೆಂಡತಿಯೇ ಕಥೆ ಹೇಳುವಾಗ ಅವಳಿಗಿಂತ ಮೊದಲು ಓದುಗರಿಗೆ ತಿಳಿಸುವುದು ಹೇಗೆ ಅಂತ ನೀವು ಕೇಳಬಹುದು. ಅವಳು ನೋಡುತ್ತಾಳೆ, ಅರ್ಥ ಮಾಡಿಕೊಳ್ಳುವುದಿಲ್ಲ. ಅವನ ಬ್ಯಾಗ್ ಖಾಲಿಯಾಗಿ ಅಟ್ಟದ ಮೇಲೆ ಹೋಗಿರುವುದನ್ನು ಧೂಳು ಹೊಡೆಯುವಾಗ ನೋಡಿ, ಜಾಗ ಆಯಿತಲ್ಲ ಅಂತ ಸಮಾಧಾನ ಪಡುತ್ತಾಳೆ. ಓದುಗರಿಗೆ ಆ ಖಾಲಿ ಬ್ಯಾಗ್ ಸಾಕು.

ಕೆಲವು ತೂತುಗಳನ್ನು ಮುಚ್ಚಲೇಬೇಕು. ಪೊಲೀಸರಿಗೆ ಯಾಕೆ ಹೇಳುವುದಿಲ್ಲ ಅಂತ ಕೇಳುತ್ತಾರೆ. ಹೇಳಲಿ, ಒಂದು ಸಲ ಹೋಗಲಿ. ‘ಏನು ಕದ್ದ? ಹೊಡೆದನಾ? ಒಳಗೆ ಕರೆದವರು ಯಾರು?’ ಅನ್ನುವ ಮೂರು ಪ್ರಶ್ನೆಗೆ ಅವಳ ಹತ್ತಿರ ಏನಿದೆ? ತುಂಬಾ ದಿನ ಇದ್ದವರನ್ನು ಹೊರಗೆ ಹಾಕುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ನಿಮ್ಮ ಕಥೆ ನಡೆಯುವ ಕಡೆ ಕಾನೂನು ಏನು ಹೇಳುತ್ತದೆ ಅಂತ ಒಬ್ಬ ವಕೀಲರನ್ನು ಕೇಳಿಕೊಂಡೇ ಬರೆಯಿರಿ. ಅವಳ ತಾಯಿಗೋ ಗೆಳತಿಗೋ ಯಾಕೆ ಹೇಳುವುದಿಲ್ಲ ಅಂತಲೂ ಕೇಳುತ್ತಾರೆ. ಅವರೂ ಒಮ್ಮೆ ಮನೆಗೆ ಬರಲಿ. ಅವನು ಅವರ ಕೈಯಿಂದ ಚೀಲ ತೆಗೆದುಕೊಂಡು ಒಳಗಿಡಲಿ, ಹೋಗುವಾಗ ಗೇಟಿನವರೆಗೆ ಬಿಟ್ಟುಬರಲಿ. ‘ಎಷ್ಟು ಒಳ್ಳೆಯ ಹುಡುಗ, ಅಲ್ವಾ?’ ಅಂತ ಅವರೇ ಫೋನ್ ಮಾಡಿದರೆ ಆ ಬಾಗಿಲೂ ಮುಚ್ಚಿತು.

ಮುಕ್ತಾಯವನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಡಿ. ಅವನು ಹೋಗಬಹುದು, ಉಳಿಯಬಹುದು, ಅವಳೇ ಬಿಟ್ಟು ಹೋಗಬಹುದು. ಮೂರೂ ನಡೆಯುತ್ತದೆ. ಆದರೆ ‘ಹೋಗು’ ಅನ್ನುವ ಮಾತು ಒಂದು ಸಲ ಯಾರದೋ ಬಾಯಿಂದ ಬರಲೇಬೇಕು. ಓದುಗರು 22ನೇ ಪುಟದಿಂದ ಅದಕ್ಕೇ ಕಾದಿದ್ದಾರೆ. ಯಾರು, ಯಾರಿಗೆ ಅನ್ನುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿದೆ. ಗಂಡ ಅದನ್ನು ಹೆಂಡತಿಗೇ ಅಂದುಬಿಟ್ಟರೆ ಹೇಗಿರುತ್ತದೆ ಅಂತ ನಾನು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಇಡೀ ಪುಸ್ತಕ ಒಮ್ಮೆಲೇ ತಿದ್ದಲು ಕೂರಬೇಡಿ. 110ರಿಂದ 140ನೇ ಪುಟದವರೆಗಿನದನ್ನು ಬೇರೆ ಫೈಲಿನಲ್ಲಿ ತೆಗೆದಿಡಿ. ಆ ಮೂರು ದಾರಿಯಲ್ಲಿ ಯಾವುದು ನಿಮ್ಮದು ಅಂತ ತೀರ್ಮಾನ ಮಾಡುವ ಮೊದಲು 9ನೇ ಪುಟದ ಊಟದ ಮೇಜು, 14ನೇ ಪುಟದ ನಗು, ಇವೆರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಆಮೇಲೆ ಕೀ ಕೇಳುವ ರಾತ್ರಿಯನ್ನು ಬರೆದು ಅದೇ ಮೂವರಿಗೆ ಕೊಡಿ. ಈ ಸಲ ಅವರು ಏನು ಕೇಳುತ್ತಾರೆ ನೋಡಿ. ‘ಅವಳು ಕೊಡಬಾರದಿತ್ತು’ ಅಂದರೆ ಸಾಕು, ಮುಂದಿನ ಅಧ್ಯಾಯ ಶುರು ಮಾಡಿ.